‘ಆಯಿ’ ಅಂದರೆ ಯಾರು? ತೀವ್ರ ನಿಗಾ ಘಟಕದಲ್ಲಿ ಎಚ್ಚರ, ಸನ್ನಿ ಮತ್ತು ಗಡಿನಾಡಿನ ಕನ್ನಡ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾಡಿದ ಮಂಡನೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಎರಡು ಪ್ರಶ್ನೋತ್ತರಗಳನ್ನು ಸೇರಿಸಿದೆ.)

ನಾನು ಮಾತಾಡ್ತಾ ಇರೋದು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಒಂದು ಹಳ್ಳಿಯಿಂದ. ನಡುವೆ ಧ್ವನಿ ಕಡಿದರೆ ಚಾಟ್‌ನಲ್ಲಿ ಬರೀರಿ, ಆ ಭಾಗ ಮತ್ತೆ ಹೇಳ್ತೀನಿ.

ಗಡಿನಾಡಿನ ಭಾಷೆ ಅಂದ ಕೂಡಲೇ ನಮ್ಮಲ್ಲಿ ಶಾಲೆ, ಬೋರ್ಡು, ಪಠ್ಯಪುಸ್ತಕ, ಗಡಿ ವಿವಾದ ಇವೇ ಚರ್ಚೆಗೆ ಬರುತ್ತವೆ. ನಾನು ಇವತ್ತು ಇನ್ನೊಂದು ಜಾಗದ ಬಗ್ಗೆ ಹೇಳಬೇಕು ಅಂತಿದ್ದೀನಿ. ಅದು ಆಸ್ಪತ್ರೆಯ ತೀವ್ರ ನಿಗಾ ಘಟಕ, ಎಲ್ಲರ ಬಾಯಲ್ಲಿ ಐಸಿಯು. ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ, ವೈದ್ಯಳಲ್ಲ. ಯಾವ ಮದ್ದು ಕೊಡಬೇಕು ಅನ್ನೋ ಬಗ್ಗೆ ನನ್ನ ಮಾತಿಗೆ ಬೆಲೆ ಇಲ್ಲ. ಆದರೆ ಅರಿವಳಿಕೆ ಮತ್ತು ತೀವ್ರ ನಿಗಾ ವೈದ್ಯಕೀಯದ ಈಚಿನ ಸಂಶೋಧನೆಗಳನ್ನು ಓದುತ್ತಾ ಹೋದಾಗ ಒಂದು ವಿಷಯ ಗಮನಕ್ಕೆ ಬಂತು. ರೋಗಿಗೆ ಎಚ್ಚರ ಇದೆಯೋ ಇಲ್ಲವೋ, ಬುದ್ಧಿ ಸ್ಥಿಮಿತದಲ್ಲಿದೆಯೋ ಇಲ್ಲವೋ ಅನ್ನೋದನ್ನ ಅವರು ಬಹುಪಾಲು ಮಾತಿನ ಮೂಲಕ ಅಳೀತಾರೆ. ಪ್ರಶ್ನೆ ಕೇಳ್ತಾರೆ, ಉತ್ತರಕ್ಕೆ ಅಂಕ ಕೊಡ್ತಾರೆ. ಹಾಗಿದ್ದರೆ ಯಾವ ಭಾಷೆಯಲ್ಲಿ ಕೇಳ್ತಾರೆ? ನನ್ನ ಪ್ರಬಂಧ ಪೂರ್ತಿ ಈ ಒಂದು ಪ್ರಶ್ನೆಯ ಸುತ್ತ ಇದೆ.

1. ವಿಷಯಕ್ಕೆ ಬಂದ ದಾರಿ

ನಮ್ಮ ಭಾಗದಲ್ಲಿ ದೊಡ್ಡ ರೋಗ ಬಂದರೆ ಜನ ಸಾಂಗ್ಲಿ–ಮಿರಜಿಗೆ, ಸೊಲ್ಲಾಪುರಕ್ಕೆ, ಇಲ್ಲವೇ ವಿಜಯಪುರಕ್ಕೆ ಹೋಗ್ತಾರೆ. ಮಿರಜಿನಲ್ಲಿ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಮಿಷನ್ ಆಸ್ಪತ್ರೆ ತೆರೆದರು, 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಮರಾಠಿ ಸೀಮೆಯ ದವಾಖಾನೆಗೆ ಕನ್ನಡದ ರೋಗಿ ಹೋಗೋದು ನಮ್ಮಲ್ಲಿ ಇವತ್ತಿನ ಮಾತಲ್ಲ.

ನಮ್ಮ ಅಜ್ಜಿಯನ್ನು ನಾವು ‘ಆಯಿ’ ಅಂತ ಕರೀತೀವಿ. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಆಕೆಯ ಚಪ್ಪೆಯ ಎಲುಬು ಮುರೀತು. ಒಂದು ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಶನ್ ಆಯ್ತು. ಊರಿನ ಹೆಸರು, ಆಸ್ಪತ್ರೆಯ ಹೆಸರು ಹೇಳೋದಿಲ್ಲ, ಇದಕ್ಕೆ ಅದು ಮುಖ್ಯ ಅಲ್ಲ. ಆಪರೇಶನ್ ಆದ ಮೇಲೆ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಯ್ತು ಅಂತ ಐಸಿಯುಗೆ ಹಾಕಿದರು. ಒಟ್ಟು ನಾಲ್ಕು ದಿನ. ಭೇಟಿಗೆ ದಿನಕ್ಕೆ ಎರಡು ಸಲ, ಒಬ್ಬರಿಗೆ ಮಾತ್ರ, ಹತ್ತು ನಿಮಿಷ.

ಮೊದಲ ದಿನ ನರ್ಸ್ ನನ್ನನ್ನು, ಇವರು ನಿನಗೇನಾಗಬೇಕು ಅಂತ ಮರಾಠಿಯಲ್ಲಿ ಕೇಳಿದರು. ಗಾಬರಿಯಲ್ಲಿ ‘ಆಯಿ’ ಅಂದೆ. ಅವರು ಕಾಗದದಲ್ಲಿ ನನ್ನ ಹೆಸರಿನ ಮುಂದೆ ‘ಮಗಳು’ ಅಂತ ಬರೆದುಕೊಂಡರು. ಮರಾಠಿಯಲ್ಲಿ ‘ಆಈ’ ಅಂದರೆ ತಾಯಿ. ನನ್ನದೂ ತಪ್ಪಲ್ಲ, ಅವರದೂ ತಪ್ಪಲ್ಲ. ಆಗ ಇದು ತಮಾಷೆಯಾಗಿ ಕಂಡಿತು.

ಎರಡನೇ ದಿನ ನಾನು ಮಂಚದ ಪಕ್ಕ ನಿಂತಿದ್ದಾಗಲೇ ಪರೀಕ್ಷೆ ನಡೀತು. ‘ಆಪರೇಶನ್ ಕಧೀ ಝಾಲಂ, ಆಜೀ?’ ಅಂತ ಕೇಳಿದರು. ಆಪರೇಶನ್ ಯಾವಾಗ ಆಯ್ತು ಅಂತ. ಆಯಿ ನರಳುತ್ತಾ, ‘ಕಾಲ... ಕಾಲ ನೋಯ್ತಾವ’ ಅಂದಳು. ನಮಗೆ ಅದು ಕಾಲು. ಮರಾಠಿಯಲ್ಲಿ ‘ಕಾಲ’ ಅಂದರೆ ನಿನ್ನೆ. ಆಪರೇಶನ್ ಆಗಿದ್ದು ಮೊನ್ನೆ. ಉತ್ತರ ತಪ್ಪಾಯ್ತು. ಇವತ್ತು ತಾರೀಖು ಎಷ್ಟು ಅಂದಾಗ, ‘ಅಮಾಸಿ ಮೂರ್ ದಿನ ಐತಿ, ದಾನಮ್ಮನ ಜಾತ್ರಿ ಬಂತು’ ಅಂದಳು. ಗುಡ್ಡಾಪುರದ ದಾನಮ್ಮ ನಮ್ಮ ತಾಲೂಕಿನ ದೇವತೆ. ಆಮೇಲೆ ಕ್ಯಾಲೆಂಡರ್ ನೋಡಿದೆ, ಅಮಾವಾಸ್ಯೆಗೆ ಸರಿಯಾಗಿ ಮೂರು ದಿನ ಇತ್ತು. ಆದರೆ ಅಷ್ಟೊತ್ತಿಗೆ ಚಾರ್ಟಿನಲ್ಲಿ ‘ಗೊಂದಲದಲ್ಲಿದ್ದಾರೆ’ ಅಂತ ದಾಖಲಾಗಿತ್ತು. ಆ ರಾತ್ರಿ ಆಕೆ ಕೊಳವೆ ಕೀಳಲು ಹೋದಳಂತೆ. ಬೆಳಗ್ಗೆ ಹೋದಾಗ ಎರಡೂ ಕೈಯನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಆ ರಾತ್ರಿ ಆಕೆಗೆ ನಿಜವಾಗಿಯೂ ಸನ್ನಿಯಾಗಿತ್ತು ಅಂತ ನನಗೂ ಈಗ ಅನ್ನಿಸುತ್ತೆ. ಹಗಲು ಸರಿಯಾಗಿದ್ದವಳು ರಾತ್ರಿ ಕೆಟ್ಟಿರಬಹುದು. ನನ್ನ ಪ್ರಶ್ನೆ ಬೇರೆ. ಸರಿಯಾಗಿದ್ದಾಗ ಆಕೆ ಸರಿಯಾಗಿದ್ದಾಳೆ ಅಂತ ಗುರುತಿಸೋಕೆ ಆಗಿರಲಿಲ್ಲ. ಹಾಗಿದ್ದ ಮೇಲೆ ಕೆಟ್ಟಾಗ ಕೆಟ್ಟಿದೆ ಅಂತ ಹೇಗೆ ತಿಳೀತು?

2. ಎಚ್ಚರವನ್ನು ಅಳೆಯುವ ಮಾಪಕ

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ನರಶಸ್ತ್ರವೈದ್ಯರು 1974ರಲ್ಲಿ ಒಂದು ಅಳತೆಯನ್ನು ಪ್ರಕಟಿಸಿದರು. ಅದೇ ಗ್ಲಾಸ್ಗೋ ಕೋಮಾ ಮಾಪಕ. ಇವತ್ತು ಜಗತ್ತಿನ ಎಲ್ಲಾ ಕಡೆ ಬಳಕೆಯಲ್ಲಿದೆ. ಮೂರು ಭಾಗ. ಕಣ್ಣು ತೆರೆಯುವುದಕ್ಕೆ 4 ಅಂಕ, ಮಾತಿಗೆ 5, ಕೈಕಾಲಿನ ಚಲನೆಗೆ 6. ಪೂರ್ಣ ಎಚ್ಚರ ಇದ್ದವರಿಗೆ 15, ಅತಿ ಕಡಿಮೆ ಅಂದರೆ 3. ತಲೆಗೆ ಪೆಟ್ಟಾದವರಲ್ಲಿ 13ರಿಂದ 15 ಇದ್ದರೆ ಸಣ್ಣ ಪೆಟ್ಟು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಅಂತ ಲೆಕ್ಕ.

ಮಾತಿನ ಭಾಗ ನೋಡಿ. ಯಾರು, ಎಲ್ಲಿ, ಯಾವಾಗ ಅಂತ ಸರಿಯಾಗಿ ಹೇಳಿದರೆ 5. ವಾಕ್ಯದಲ್ಲಿ ಮಾತಾಡಿದರೂ ಉತ್ತರ ಗೊಂದಲವಾಗಿದ್ದರೆ 4. ಸಂಬಂಧವಿಲ್ಲದ ಬಿಡಿ ಪದಗಳಿಗೆ 3. ಅರ್ಥವಾಗದ ಬರೀ ಸದ್ದಿಗೆ 2. ಸದ್ದೇ ಇಲ್ಲದಿದ್ದರೆ 1. ‘ಅರ್ಥವಾಗದ’ ಅಂದರೆ ಯಾರಿಗೆ ಅರ್ಥವಾಗದ? ಭಾಷಾವಿಜ್ಞಾನ ಓದಿದವರು ಇಲ್ಲಿ ತಡೀತಾರೆ. ಚಲನೆಯ ಭಾಗದಲ್ಲೂ ಹೀಗೇ. ಹೇಳಿದಂತೆ ಮಾಡಿದರೆ 6. ಮಾಡದಿದ್ದರೆ, ನೋವು ಕೊಟ್ಟಾಗ ಕೈ ಆ ಜಾಗಕ್ಕೆ ಬಂದರೆ 5. ಹೇಳಿದ್ದೇ ತಿಳಿಯದಿದ್ದರೆ?

ಒಂದು ಲೆಕ್ಕ ಹಾಕೋಣ. ಪೂರ್ಣ ಎಚ್ಚರ ಇರೋ, ಕನ್ನಡ ಮಾತ್ರ ಗೊತ್ತಿರೋ ಮುದುಕಿ. ಕಣ್ಣು ತೆರೆದಿದ್ದಾಳೆ, 4. ಕ್ಷೀಣ ಧ್ವನಿಯಲ್ಲಿ ಏನೋ ಹೇಳ್ತಾಳೆ, ಕೇಳಿದವರಿಗೆ ಅದು ಸದ್ದು, 2. ಕೈ ಎತ್ತು ಅಂದಿದ್ದು ತಿಳೀಲಿಲ್ಲ, ಚಿವುಟಿದಾಗ ಕೈ ತಂದಳು, 5. ಒಟ್ಟು 11. ನಿಜವಾದ ಅಂಕ 15. ಈ ನಾಲ್ಕು ಅಂಕದ ಕೊರತೆ ಮಿದುಳಿನದಲ್ಲ, ಅನುವಾದದ್ದು. ಇದು ವೈದ್ಯರಿಗೆ ಗೊತ್ತಿಲ್ಲ ಅಂತ ಅಲ್ಲ. ಮಾಪಕಕ್ಕೆ 40 ವರ್ಷ ತುಂಬಿದಾಗ, 2014ರಲ್ಲಿ, ಅದನ್ನು ಪರಿಷ್ಕರಿಸಿದರು. ಭಾಷೆ, ಕಿವುಡುತನ, ಗಂಟಲಿನ ಕೊಳವೆ ಇಂಥ ಅಡ್ಡಿ ಇದ್ದರೆ ಕಡಿಮೆ ಅಂಕ ಕೊಡಬೇಡಿ, ‘ಪರೀಕ್ಷಿಸಲು ಆಗಲಿಲ್ಲ’ ಅಂತ ಬರೀರಿ ಅನ್ನೋದು ಈಗಿನ ಪದ್ಧತಿ. ಅಮೆರಿಕದ ಮೇಯೋ ಕ್ಲಿನಿಕ್‌ನವರು 2005ರಲ್ಲಿ ‘ಫೋರ್’ ಎಂಬ ಇನ್ನೊಂದು ಮಾಪಕ ತಂದರು. ಅದರಲ್ಲಿ ಮಾತಿನ ಭಾಗವೇ ಇಲ್ಲ. ಕಣ್ಣು, ಚಲನೆ, ಮಿದುಳುಕಾಂಡದ ಪ್ರತಿಕ್ರಿಯೆ, ಉಸಿರಾಟ, ತಲಾ 4ರಂತೆ 16 ಅಂಕ. ಹೆಬ್ಬೆರಳು ತೋರಿಸು, ಮುಷ್ಟಿ ಹಿಡಿ ಅನ್ನೋದನ್ನ ಬಾಯಲ್ಲಿ ಹೇಳುವ ಬದಲು ಕೈಯಲ್ಲೇ ಮಾಡಿ ತೋರಿಸಬಹುದು.

3. ಸನ್ನಿ: ಹಳೆಯ ಮಾತು, ಹೊಸ ಸಂಶೋಧನೆ

ಸನ್ನಿ ನಮ್ಮಲ್ಲಿ ಹಳೆಯ ಪದ. ಜ್ವರ ಏರಿ ಏನೇನೋ ಬಡಬಡಿಸಿದರೆ ‘ಸನ್ನಿ ಹಿಡದೈತಿ’ ಅಂತೀವಿ. ವೈದ್ಯರು ಇದನ್ನು ಡೆಲಿರಿಯಂ ಅಂತಾರೆ. ಬಡಬಡಿಸುವವರನ್ನು ಎಲ್ಲರೂ ಗುರುತಿಸ್ತಾರೆ. ಸುಮ್ಮನೆ ಮಲಗಿ, ಕರೆದರೆ ನಿಧಾನವಾಗಿ ತಿರುಗಿ, ಮತ್ತೆ ಮಂಕಾಗುವ ಇನ್ನೊಂದು ಬಗೆ ಇದೆ. ಅದು ಹೆಚ್ಚಾಗಿ ತಪ್ಪಿಹೋಗುತ್ತೆ, ಏಕೆಂದರೆ ಆ ರೋಗಿ ಯಾರಿಗೂ ತೊಂದರೆ ಕೊಡೋದಿಲ್ಲ.

ಐಸಿಯುನಲ್ಲಿ ಇದನ್ನು ಗುರುತಿಸೋಕೆ 2001ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಇಲೀ ಮತ್ತು ಸಂಗಡಿಗರು ಒಂದು ಪರೀಕ್ಷೆ ರೂಪಿಸಿದರು. ಬಾಯಲ್ಲಿ ಕೊಳವೆ ಇರುವವರಿಗೂ ಇದು ಆಗುತ್ತೆ. ಹತ್ತು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳ್ತಾರೆ, ‘ಎ’ ಬಂದಾಗಲೆಲ್ಲ ರೋಗಿ ಕೈ ಒತ್ತಬೇಕು. ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ನಿಲ್ಲುತ್ತಿಲ್ಲ ಅಂತ ಅರ್ಥ. ಆಮೇಲೆ ಹೌದು–ಅಲ್ಲ ಪ್ರಶ್ನೆಗಳು. ಕಲ್ಲು ನೀರಿನ ಮೇಲೆ ತೇಲುತ್ತದೆಯೇ? ಸಮುದ್ರದಲ್ಲಿ ಮೀನು ಇರುತ್ತವೆಯೇ?

ಇದನ್ನು ಓದಿದಾಗ ನನಗೆ ಆಯಿ ನೆನಪಾದಳು. ಆಕೆ ಶಾಲೆಗೆ ಹೋದವಳಲ್ಲ, ‘ಎ’ ಅನ್ನೋದು ಆಕೆಗೆ ಅಕ್ಷರವಲ್ಲ, ಯಾರನ್ನೋ ಕೂಗುವ ದನಿ. ಕಲ್ಲು ತೇಲತದೇನು ಅಂತ ಮನೆಯಲ್ಲಿ ಆಕೆಯನ್ನು ಕೇಳಿದೆ. ‘ರಾಮ ಸೇತುವಿ ಕಟ್ಟಿದಾಗ ತೇಲಿದ್ದುವಲ್ಲ’ ಅಂದಳು. ನೂರಕ್ಕೆ ನೂರು ಎಚ್ಚರದಲ್ಲಿ ಹೇಳಿದ ಮಾತು ಅದು. ಪರೀಕ್ಷೆಯಲ್ಲಿ ತಪ್ಪು. ಆದ್ದರಿಂದ ಇಂಥ ಪರೀಕ್ಷೆಯ ಪದಗಳನ್ನು ಕನ್ನಡಕ್ಕೆ ತಂದರೆ ಸಾಲದು. ಅಕ್ಷರ ಬಾರದವರಿಗೆ ಯಾವ ದನಿ, ಯಾವ ಪ್ರಶ್ನೆ ಅಂತ ಹೊಸದಾಗಿ ಯೋಚಿಸಬೇಕು. ಅದು ನಮ್ಮಂಥ ಭಾಷೆ ಓದಿದವರ ಕೆಲಸವೂ ಹೌದು.

ಸನ್ನಿ ಇಳಿದ ಮೇಲೆ ಎಲ್ಲ ಮುಗೀತು ಅಂತಲೂ ಇಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಂಢರಿಪಾಂಡೆ ಮತ್ತು ಸಂಗಡಿಗರು ಉಸಿರಾಟ ವೈಫಲ್ಯ ಅಥವಾ ಆಘಾತದಿಂದ ಐಸಿಯು ಸೇರಿದ 821 ಜನರನ್ನು ಗಮನಿಸಿದರು. ಶೇ. 74ರಷ್ಟು ಜನರಿಗೆ ಆಸ್ಪತ್ರೆಯಲ್ಲಿದ್ದಾಗ ಸನ್ನಿ ಬಂದಿತ್ತು. ಮೂರು ತಿಂಗಳ ನಂತರ ಪರೀಕ್ಷೆಗೆ ಸಿಕ್ಕವರಲ್ಲಿ ಶೇ. 40ರಷ್ಟು ಮಂದಿಯ ಗ್ರಹಿಕೆ ಮತ್ತು ನೆನಪು, ಮಿದುಳಿಗೆ ಮಧ್ಯಮ ಪೆಟ್ಟಾದವರ ಮಟ್ಟದಲ್ಲಿತ್ತು. ಸನ್ನಿ ಹೆಚ್ಚು ದಿನ ಇದ್ದಷ್ಟೂ ಆಮೇಲಿನ ನಷ್ಟ ಹೆಚ್ಚು. ನಮ್ಮ ಆಯಿ ಬೀಸುಕಲ್ಲಿನ ಹಾಡುಗಳ ಕಣಜ. ನನ್ನ ಜಾನಪದ ಸಂಗ್ರಹಕ್ಕೆ ಆಕೆಯೇ ಮೂಲ. ಮನೆಗೆ ಬಂದ ಮೇಲೆ ಹಾಡು ಶುರು ಮಾಡ್ತಾಳೆ, ನಡುವೆ ನಿಲ್ಲಿಸ್ತಾಳೆ, ‘ಮುಂದಿಂದು ಎಲ್ಲಿ ಹೋತೋ’ ಅಂತಾಳೆ. ವಯಸ್ಸು, ಬಿದ್ದ ಪೆಟ್ಟು, ಆಮ್ಲಜನಕದ ಕೊರತೆ ಎಲ್ಲ ಸೇರಿ ಹೀಗಾಗಿರಬಹುದು. ಒಂದೇ ಕಾರಣ ಹೇಳೋಕೆ ಆಗಲ್ಲ.

4. ಸೂಜಿ ಯಾವುದು, ಮದ್ದು ಯಾವುದು

ಆಪರೇಶನ್ ಮುಂಚೆ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಬೆನ್ನಿಗೆ ಸೂಜಿ ಹಾಕಿಸೋದಾ, ಪೂರ್ತಿ ಮತ್ತು ಬರಿಸೋದಾ? ‘ಪೂರ್ತಿ ಮತ್ತಿನಾಗ ಹೋದ್ರ ಬುದ್ಧಿ ಹೊಳ್ಳಿ ಬರೂದಿಲ್ಲ’ ಅಂತ ಕಾಕಾ ಹೆದರಿಸಿದ್ದರು. ಇದರ ಬಗ್ಗೆ ಈಚೆಗೆ ಎರಡು ಒಳ್ಳೆಯ ಪ್ರಯೋಗಗಳಾಗಿವೆ. ಎರಡರಲ್ಲೂ ಯಾರಿಗೆ ಯಾವ ಅರಿವಳಿಕೆ ಅನ್ನೋದನ್ನ ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. 2021ರಲ್ಲಿ ಅಮೆರಿಕ ಮತ್ತು ಕೆನಡಾದಿಂದ ಬಂದ ‘ರೀಗೇನ್’ ಪ್ರಯೋಗದಲ್ಲಿ ಚಪ್ಪೆ ಮುರಿದ, 50 ದಾಟಿದ 1600 ಜನ ಇದ್ದರು. 60 ದಿನದೊಳಗೆ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆ ಇಲ್ಲದೆ ನಡೆಯಲಾಗದವರು, ಬೆನ್ನಿನ ಸೂಜಿಯವರಲ್ಲಿ ಶೇ. 18.5, ಪೂರ್ತಿ ಮತ್ತಿನವರಲ್ಲಿ ಶೇ. 18. ಸನ್ನಿ ಕ್ರಮವಾಗಿ ಶೇ. 20.5 ಮತ್ತು 19.7. ಚೀನಾದಲ್ಲಿ 65 ದಾಟಿದ 950 ಜನರ ಪ್ರಯೋಗ 2022ರಲ್ಲಿ ಬಂತು. ಅಲ್ಲೂ ಶೇ. 6.2 ಮತ್ತು 5.1. ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಅಂದರೆ ಕಾಕಾ ಹೆದರಿದ್ದಕ್ಕೆ ಈ ಪ್ರಯೋಗಗಳಲ್ಲಿ ಆಧಾರ ಸಿಗಲಿಲ್ಲ. ಹೃದಯ, ಶ್ವಾಸಕೋಶದ ಸ್ಥಿತಿ ನೋಡಿ ಅರಿವಳಿಕೆ ವೈದ್ಯರು ಹೇಳಿದ್ದನ್ನು ಕೇಳಬಹುದು.

ಸರಿ, ಸನ್ನಿ ಬಂದ ಮೇಲೆ ಮದ್ದಿದೆಯಾ? ಬಹಳ ಕಾಲದಿಂದ ಹ್ಯಾಲೊಪೆರಿಡಾಲ್ ಕೊಡ್ತಾ ಬಂದಿದ್ದಾರೆ. 2018ರಲ್ಲಿ 566 ರೋಗಿಗಳ ಪ್ರಯೋಗದಲ್ಲಿ ಅದು ಸನ್ನಿಯ ಅವಧಿಯನ್ನು ಕಡಿಮೆ ಮಾಡಲಿಲ್ಲ. 2022ರಲ್ಲಿ ಡೆನ್ಮಾರ್ಕಿನವರ ಮುಂದಾಳತ್ವದಲ್ಲಿ ಸುಮಾರು 1000 ರೋಗಿಗಳ ಪ್ರಯೋಗ ಬಂತು. 90 ದಿನಗಳಲ್ಲಿ ಜೀವಂತವಾಗಿ ಆಸ್ಪತ್ರೆಯ ಹೊರಗೆ ಕಳೆದ ದಿನ, ಮದ್ದು ಪಡೆದವರಿಗೆ ಸರಾಸರಿ 35.8, ಪಡೆಯದವರಿಗೆ 32.9. ಆದರೆ ಇದು ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣ ವ್ಯತ್ಯಾಸ ಅಂತ ಸಂಖ್ಯಾಶಾಸ್ತ್ರ ಹೇಳ್ತು.

ಮದ್ದಿಲ್ಲದ ದಾರಿ ಹೆಚ್ಚು ಭರವಸೆ ಕೊಟ್ಟಿದೆ. ಇನೂಯೆ ಅವರ 1999ರ ಅಧ್ಯಯನ ಇದರಲ್ಲಿ ಮೊದಲಿನದು. ಅದು ಐಸಿಯು ಅಲ್ಲ, ಸಾಮಾನ್ಯ ವಾರ್ಡು. 70 ದಾಟಿದ 852 ರೋಗಿಗಳಲ್ಲಿ ಒಂದು ಗುಂಪಿಗೆ ಕನ್ನಡಕ, ಶ್ರವಣ ಸಾಧನ ಕೊಟ್ಟರು, ನಿದ್ದೆ ಕೆಡದಂತೆ ನೋಡಿಕೊಂಡರು, ನಡೆದಾಡಿಸಿದರು, ನೀರು ಕುಡಿಸಿದರು. ದಿನಾ ಮಾತಾಡಿಸಿ ಇವತ್ತು ಯಾವ ವಾರ, ನೀವೆಲ್ಲಿದ್ದೀರಿ ಅಂತ ನೆನಪಿಸಿದರು. ಸನ್ನಿ ಶೇ. 15ರಿಂದ 9.9ಕ್ಕೆ ಇಳೀತು. ಐಸಿಯುಗಳಲ್ಲಿ ಈಗ ಇಂಥದೇ ಕ್ರಮಗಳನ್ನು ಒಂದು ಕಟ್ಟಾಗಿ ಮಾಡಿದ್ದಾರೆ. ನೋವು ಅಳೆದು ಕಡಿಮೆ ಮಾಡು, ಮತ್ತು ಕಡಿಮೆ ಇಡು, ಬೇಗ ಎಬ್ಬಿಸು, ಬೇಗ ನಡೆಸು, ಮನೆಯವರನ್ನು ಸೇರಿಸಿಕೊ. 2019ರಲ್ಲಿ 68 ಐಸಿಯುಗಳ 15 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದಾಗ, ಈ ಕಟ್ಟನ್ನು ಹೆಚ್ಚು ಪಾಲಿಸಿದ ಕಡೆ ಸಾವೂ ಸನ್ನಿಯೂ ಕೈ ಕಟ್ಟುವುದೂ ಕಡಿಮೆ ಇತ್ತು.

ಈ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ನೋವು ಅಳೆಯೋದು, ನೆನಪಿಸೋದು, ಎಬ್ಬಿಸಿ ಮಾತಾಡಿಸೋದು. ಇದರಲ್ಲಿ ಅರ್ಧದಷ್ಟು ಕೆಲಸ ರೋಗಿಯ ಭಾಷೆ ಬಾರದೆ ಆಗೋದಿಲ್ಲ.

5. ಭಾಷೆಯ ಅಂತರಕ್ಕೆ ಸಾಕ್ಷ್ಯ

ಮೇಯೋ ಕ್ಲಿನಿಕ್‌ನ ಐಸಿಯುಗಳಲ್ಲಿದ್ದ 27 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ಆಧರಿಸಿದ ಅಧ್ಯಯನ 2018ರಲ್ಲಿ ಬಂತು. ಇಂಗ್ಲಿಷ್ ಸರಿಯಾಗಿ ಬಾರದವರನ್ನು ಕಟ್ಟಿಹಾಕುವುದು, ವೆಂಟಿಲೇಟರ್ ಹಾಕುವುದು ಹೆಚ್ಚಿತ್ತು. ಕೊನೆಗಾಲದ ನಿರ್ಧಾರಗಳು ತಡವಾಗಿದ್ದವು. ಕೆನಡಾದ ಒಂಟಾರಿಯೊದಲ್ಲಿ 2022ರಲ್ಲಿ ಬಂದ ಅಧ್ಯಯನದಲ್ಲಿ, ತಮ್ಮದೇ ಭಾಷೆ ಆಡುವ ವೈದ್ಯರು ಸಿಕ್ಕ ರೋಗಿಗಳಲ್ಲಿ ಆಸ್ಪತ್ರೆಯ ಅನಾಹುತಗಳೂ ಸಾವೂ ಕಡಿಮೆ ಇದ್ದವು. ಎರಡೂ ಹಳೆಯ ದಾಖಲೆ ನೋಡಿ ಮಾಡಿದವು, ಪ್ರಯೋಗಗಳಲ್ಲ. ಬಡತನದಂಥ ಬೇರೆ ಕಾರಣಗಳೂ ಸೇರಿರಬಹುದು.

ಇನ್ನು ದನಿ. ಮುನ್ರೋ ಮತ್ತು ಸಂಗಡಿಗರು 2017ರಲ್ಲಿ 30 ರೋಗಿಗಳ ಮೇಲೆ ಸಣ್ಣ ಪ್ರಯೋಗ ಮಾಡಿದರು. ನೀವು ಆಸ್ಪತ್ರೆಯಲ್ಲಿದ್ದೀರಿ, ಹೆದರಬೇಡಿ ಅನ್ನೋ ಮಾತುಗಳನ್ನು ಮುದ್ರಿಸಿ ಗಂಟೆಗೊಮ್ಮೆ ಕೇಳಿಸಿದರು. ಒಂದು ಗುಂಪಿಗೆ ಮನೆಯವರ ದನಿ, ಇನ್ನೊಂದಕ್ಕೆ ಅಪರಿಚಿತರದು, ಮೂರನೆಯದಕ್ಕೆ ಏನೂ ಇಲ್ಲ. ಮನೆಯವರ ದನಿ ಕೇಳಿದವರಿಗೆ ಸನ್ನಿ ಇಲ್ಲದ ದಿನಗಳು ಹೆಚ್ಚು. 30 ಜನ ಅಂದರೆ ಸಣ್ಣ ಸಂಖ್ಯೆ, ಇದರ ಮೇಲೆ ದೊಡ್ಡ ಮಾತು ಕಟ್ಟಬಾರದು. ಬ್ರೆಜಿಲ್‌ನ 36 ಐಸಿಯುಗಳ 2019ರ ಪ್ರಯೋಗ ಎಚ್ಚರಿಕೆ ಹೇಳುತ್ತೆ. ಭೇಟಿಯ ಸಮಯವನ್ನು ದಿನಕ್ಕೆ 12 ಗಂಟೆಯವರೆಗೆ ಬಿಟ್ಟರೂ ಸನ್ನಿ ಗಮನಾರ್ಹವಾಗಿ ಇಳೀಲಿಲ್ಲ. ಆದರೆ ಮನೆಯವರ ಆತಂಕ, ಖಿನ್ನತೆ ಇಳೀತು, ಸೋಂಕು ಹೆಚ್ಚಾಗಲಿಲ್ಲ.

6. ಏನು ಮಾಡಬಹುದು

ನಮ್ಮ ಆಯಿಗೆ ಮರಾಠಿ ಬರೋದೇ ಇಲ್ಲ ಅಂತ ಅಲ್ಲ. ಸಂತೆಯ ಮರಾಠಿ ಬರುತ್ತೆ, ಬದನೆಕಾಯಿ ಚೌಕಾಸಿ ಮಾಡ್ತಾಳೆ. ನೋವಿನ ಮರಾಠಿ ಬರಲ್ಲ. ನಮ್ಮ ಕಡೆ ನೋವಿಗೆ ಎಷ್ಟು ಮಾತು! ತಲೆ ಸಿಡಿತೈತಿ, ಹೊಟ್ಟಿ ಮುರಿತೈತಿ, ಕಾಲು ಜೋಮು ಹಿಡದೈತಿ, ಎದಿ ಹಿಡದಂಗ ಆಗೈತಿ. ಹೊಟ್ಯಾಗ ‘ಸಂಕಟ’ ಅಂದರೆ ನಮಗೆ ತಳಮಳ, ಮರಾಠಿಯಲ್ಲಿ ‘ಸಂಕಟ’ ಅಂದರೆ ಆಪತ್ತು. ಜೋಮಿಗೂ ನೋವಿಗೂ ಇರೋ ಫರಕು ಬೆನ್ನಿಗೆ ಸೂಜಿ ಹಾಕಿದ ವೈದ್ಯರಿಗೆ ತಿಳಿಯಲೇಬೇಕಾದ ಫರಕು.

ಹಾಗಾಗಿ ನನ್ನ ಸಲಹೆಗಳು ಸಣ್ಣವು. ಒಂದು, ಕೇಸ್ ಪೇಪರಿನ ಮೊದಲ ಪುಟದಲ್ಲೇ ರೋಗಿಯ ಮನೆಮಾತು ಬರೀಬೇಕು, ಮನೆಯವರೇ ಕೇಳಿ ಬರೆಸಬೇಕು. ಎರಡು, ‘ಗೊಂದಲ’ ಅಂತ ಬರೆಯುವ ಮುಂಚೆ ಆ ಭಾಷೆ ಬಲ್ಲ ಒಬ್ಬರಿಂದ, ಫೋನಿನಲ್ಲಾದರೂ ಸರಿ, ಕೇಳಿಸಬೇಕು. ಮೂರು, ಕನ್ನಡಕ ಮತ್ತು ಕಿವಿಯ ಮಶೀನು ಮನೆಯಲ್ಲಿ ಬಿಟ್ಟು ಹೋಗಬಾರದು. ನಾವು ಆಯಿಯ ಕನ್ನಡಕ ಬಿಟ್ಟು ಹೋಗಿದ್ದೆವು, ಅದು ನಮ್ಮ ತಪ್ಪು. ನಾಲ್ಕು, ನೋವಿನ ಈ ಮಾತುಗಳ ಕನ್ನಡ–ಮರಾಠಿ ಚೀಟಿ, ಎರಡೂ ಲಿಪಿಯಲ್ಲಿ, ಮಂಚದ ಬಳಿ ಇರಬೇಕು. ಅದನ್ನು ನಾನು ಶುರು ಮಾಡಿದ್ದೀನಿ, ಈವರೆಗೆ 43 ಪದಗಳಾಗಿವೆ. ಒಬ್ಬ ವೈದ್ಯರು ಒಂದೊಂದನ್ನೂ ನೋಡಿ ತಿದ್ದಿಕೊಟ್ಟ ಮೇಲೆಯೇ ಹೊರಗೆ ಕೊಡ್ತೀನಿ.

ಇಷ್ಟು ಹೇಳಿ ನನ್ನ ಮಂಡನೆ ಮುಗಿಸ್ತೀನಿ. ಪ್ರಶ್ನೆ ಇದ್ದರೆ ಕೇಳಬಹುದು.

ಪ್ರಶ್ನೋತ್ತರ

ಪ್ರಶ್ನೆ: ಅರಿವಳಿಕೆಯಿಂದ ಭಾಷೆಯೇ ಬದಲಾಗುವುದುಂಟೆ?

ಉತ್ತರ: ತೀರಾ ಅಪರೂಪ, ಆದರೆ ದಾಖಲಾಗಿದೆ. ನೆದರ್ಲೆಂಡ್ಸಿನ 17 ವರ್ಷದ ಹುಡುಗನೊಬ್ಬ ಮೊಣಕಾಲಿನ ಆಪರೇಶನ್ ಆಗಿ ಎದ್ದಾಗ ಇಂಗ್ಲಿಷ್ ಮಾತ್ರ ಆಡುತ್ತಿದ್ದ, ತಾನು ಅಮೆರಿಕದಲ್ಲಿದ್ದೀನಿ ಅಂತಿದ್ದ, ತಂದೆ ತಾಯಿಯ ಗುರುತು ಹಿಡೀಲಿಲ್ಲ. ಮರುದಿನ ಗೆಳೆಯರು ಬಂದಾಗ ಡಚ್ ಮರಳಿತು. 2022ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯ್ತು. ಅಲ್ಲಿ ಅದು ಅವನ ಭಾಷೆಯಲ್ಲ ಅಂತ ಎಲ್ಲರಿಗೂ ತಿಳಿದಿತ್ತು, ಅದಕ್ಕೇ ಗೊತ್ತಾಯ್ತು ಅನ್ನೋದನ್ನ ಗಮನಿಸಿ.

ಪ್ರಶ್ನೆ: ಇದು ಮತ್ತೆ ಕನ್ನಡ–ಮರಾಠಿ ಜಗಳಕ್ಕೆ ದಾರಿಯಾಗುವುದಿಲ್ಲವೆ?

ಉತ್ತರ: ಆಗಬಾರದು ಸರ್. ಬೆಳಗಾವಿಯ ಐಸಿಯುನಲ್ಲಿ ಮರಾಠಿ ಮಾತ್ರ ಬರೋ ಅಜ್ಜಿ ‘ಕಾಲ’ ಅಂದರೆ ನಮ್ಮ ಕನ್ನಡದ ನರ್ಸಮ್ಮ ಕಾಲು ನೋಡ್ತಾರೆ. ತೊಂದರೆ ಅದೇ. ಇನ್ನೊಂದು ಹೇಳಬೇಕು. ಮೂರನೇ ದಿನ ಅದೇ ವಾರ್ಡಿಗೆ ಕಸ ಗುಡಿಸಲು ಬರುವ ಒಬ್ಬ ಹೆಣ್ಣುಮಗಳು, ಆಕೆಯ ಮನೆಮಾತು ಮರಾಠಿ, ತವರು ಗಡಿ ಆಚೆ, ಮುರುಕು ಕನ್ನಡದಲ್ಲಿ ‘ಯಾಕಬೇ ಆಯಿ, ಏನ್ ಬೇಕ’ ಅಂತ ಕೇಳಿದಳಂತೆ. ಆಯಿ ‘ಕೈ ಬಿಚ್ಚ ತಂಗಿ, ತುರಸಾಕತ್ತೈತಿ’ ಅಂದಳಂತೆ. ಆಕೆ ಹೋಗಿ ನರ್ಸಿಗೆ ಹೇಳಿದಳು, ಅವರು ಬಂದು ಬಿಚ್ಚಿದರು. ಕೊಳವೆಯ ಪಟ್ಟಿ ಅಂಟಿಸಿದ ಜಾಗದಲ್ಲಿ ಚರ್ಮ ಕೆಂಪಾಗಿ ಗುಳ್ಳೆ ಎದ್ದಿತ್ತು. ಪಟ್ಟಿ ಬದಲಿಸಿದ ಮೇಲೆ ಆಯಿ ಕೊಳವೆಗೆ ಕೈ ಹಾಕಲಿಲ್ಲ.